ವೃಷಭಾವತಿಯ ನೀರು, ಮಾರುಕಟ್ಟೆಯ ಸೊಪ್ಪು

ಬೆಂಗಳೂರಿನ ಕೋಟೆಗೂ ಹಳೆಯ ಪೇಟೆಗೂ ನಡುವೆ, ಸಿದ್ಧಿಕಟ್ಟೆ ಎಂಬ ಕೆರೆಯಿದ್ದ ಜಾಗದಲ್ಲಿ 1928ರಲ್ಲಿ ಆರಂಭವಾದ ಕೃಷ್ಣರಾಜ ಮಾರುಕಟ್ಟೆಯಿಂದ ಚಾಮರಾಜಪೇಟೆ, ಬಸವನಗುಡಿಗಳ ಮನೆಗಳಿಗೆ ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿಗಳು ತಲೆಮಾರುಗಳಿಂದ ಹೋಗುತ್ತಿವೆ. ಆ ಸೊಪ್ಪಿನ ಚರಿತ್ರೆಯನ್ನು ಅರಿಯಬೇಕಾದರೆ ಅದಕ್ಕೆ ಉಣಿಸಿದ ನೀರಿನ ಚರಿತ್ರೆಯನ್ನೂ ಅರಿಯಬೇಕು.

ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತದೆಂದು ಜನ ನಂಬುವ ವೃಷಭಾವತಿಯು ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯತ್ತ ಹರಿದು, ಬಿಡದಿ ಬಳಿಯ ಬೈರಮಂಗಲ ಜಲಾಶಯವನ್ನು ತುಂಬಿ, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. 1940ರ ದಶಕದಲ್ಲಿ ನೀರಾವರಿಗಾಗಿ ಕಟ್ಟಿದ ಈ ಜಲಾಶಯದ ಕೆಳಗೆ ಮೊದಲು ಭತ್ತ, ಕಬ್ಬು ಬೆಳೆಯುತ್ತಿದ್ದರು. 1970ರ ದಶಕದಿಂದ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದಂತೆ ಲೋಹಲೇಪನ ಘಟಕಗಳ ಕ್ರೋಮಿಯಂ, ನಿಕಲ್, ಸತುಗಳು ನಗರದ ಕೊಳಚೆಯೊಡನೆ ಬೆರೆತು ಇದೇ ಕಣಿವೆಗೆ ಇಳಿದವು. ಭತ್ತ ಕೈಕೊಟ್ಟ ರೈತರು ಬೇಬಿಕಾರ್ನ್, ಹಿಪ್ಪುನೇರಳೆ, ನೇಪಿಯರ್ ಹುಲ್ಲಿನತ್ತ ಹೊರಳಿದರು. ಆ ಹುಲ್ಲು ಹಸುಗಳ ಮೇವಾಗಿ, ಹಾಲಾಗಿ ನಗರಕ್ಕೆ ಮರಳುವುದರಿಂದ, ಸೊಪ್ಪನ್ನು ಮಾತ್ರ ಪರೀಕ್ಷಿಸಿ ನಿಶ್ಚಿಂತರಾಗುವಂತಿಲ್ಲ.

ಎಲ್ಲ ಲೋಹಗಳೂ ಒಂದೇ ರೀತಿಯಲ್ಲಿ ತಟ್ಟೆಗೆ ಬರುವುದಿಲ್ಲ. ಸೀಸವು ಬಹುಪಾಲು ಮಣ್ಣಿಗೇ ಅಂಟಿಕೊಂಡು, ಧೂಳಿನ ರೂಪದಲ್ಲಿ ಎಲೆಯ ಮೇಲೆ ಕೂರುತ್ತದೆಯಾದ್ದರಿಂದ ಚೆನ್ನಾಗಿ ತೊಳೆದರೆ ಅದರಲ್ಲೊಂದು ಭಾಗ ಹೋಗುತ್ತದೆ. ಕ್ಯಾಡ್ಮಿಯಂ ಬೇರಿನಿಂದ ಎಲೆಯ ಒಳಕ್ಕೇ ಏರುತ್ತದೆ, ಅದನ್ನು ಎಷ್ಟು ತೊಳೆದರೂ ತೆಗೆಯಲಾಗದು. ಮಣ್ಣು ಆಮ್ಲೀಯವಾದಷ್ಟೂ ಈ ಏರಿಕೆ ಹೆಚ್ಚು. ದೇಹ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಳ ಕಾಲ ಉಳಿಯುತ್ತದೆ. ಜಪಾನಿನ ಜಿನ್‌ಜೂ ನದಿಯ ಬಯಲಿನಲ್ಲಿ ಗಣಿಯ ನೀರು ಹರಿದ ಗದ್ದೆಗಳ ಅಕ್ಕಿಯನ್ನು ಉಂಡವರ ಮೂಳೆಗಳು ಮುರಿಯುವಂತಾದ ‘ಇತಾಯಿ-ಇತಾಯಿ’ ಬೇನೆಗೆ ಕ್ಯಾಡ್ಮಿಯಂ ಕಾರಣವೆಂದು ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು.

ಅಪಾಯವನ್ನು ಅಳೆಯುವ ಕ್ರಮವೆಂದರೆ, ಆಹಾರದಲ್ಲಿರುವ ಲೋಹದ ಪ್ರಮಾಣವನ್ನು ದಿನವೂ ತಿನ್ನುವ ತೂಕದಿಂದ ಗುಣಿಸಿ, ತಿನ್ನುವವರ ದೇಹತೂಕದಿಂದ ಭಾಗಿಸಿ, ಬಂದ ಮೊತ್ತವನ್ನು ಸಹಿಸಬಹುದಾದ ಪ್ರಮಾಣದೊಂದಿಗೆ ಹೋಲಿಸುವುದು. ಸೊಪ್ಪಿನಲ್ಲಿ ಕ್ಯಾಡ್ಮಿಯಂಗೆ ಅಂತರರಾಷ್ಟ್ರೀಯ ಆಹಾರ ಸಂಹಿತೆಯ ಮಿತಿ ಕಿಲೋಗೆ 0.2 ಮಿಲಿಗ್ರಾಂ. ಸರಿಯಾಗಿ ಅಷ್ಟೇ ಇರುವ ಸೊಪ್ಪನ್ನು 60 ಕಿಲೋ ತೂಕದ ವಯಸ್ಕರು ದಿನಕ್ಕೆ 100 ಗ್ರಾಂ ತಿಂದರೆ ದೇಹತೂಕದ ಪ್ರತಿ ಕಿಲೋಗೆ 0.33 ಮೈಕ್ರೋಗ್ರಾಂ ಸೇರುತ್ತದೆ. 15 ಕಿಲೋ ತೂಕದ ಮಗು 50 ಗ್ರಾಂ ತಿಂದರೆ 0.67. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿ 2010ರಲ್ಲಿ ನಿಗದಿಪಡಿಸಿದ, ದೇಹತೂಕದ ಪ್ರತಿ ಕಿಲೋಗೆ ತಿಂಗಳಿಗೆ 25 ಮೈಕ್ರೋಗ್ರಾಂ, ಅಂದರೆ ದಿನಕ್ಕೆ ಸುಮಾರು 0.83, ಎಂಬ ಅಳತೆಯಲ್ಲಿ ಹಿರಿಯರದು ಐದರಲ್ಲಿ ಎರಡು ಪಾಲಾದರೆ ಮಗುವಿನದು ಐದರಲ್ಲಿ ನಾಲ್ಕು ಪಾಲು. ಅದೂ ಅನ್ನ, ರಾಗಿಗಳ ಲೆಕ್ಕ ಹಿಡಿಯುವ ಮೊದಲೇ. ಮಿತಿಯೊಳಗಿದೆ ಎಂಬ ಪ್ರಮಾಣಪತ್ರವು ಮಗುವಿಗೆ ನೀಡುವ ರಕ್ಷಣೆ ಬಹಳ ತೆಳುವಾದದ್ದು. ಸೀಸದ ವಿಷಯದಲ್ಲಂತೂ ಅದೇ ಸಮಿತಿ ಹಿಂದಿನ ಸಹ್ಯ ಪ್ರಮಾಣವನ್ನೇ ಆ ವರ್ಷ ಹಿಂತೆಗೆದುಕೊಂಡಿತು, ಏಕೆಂದರೆ ಮಕ್ಕಳ ಬುದ್ಧಿಶಕ್ತಿಗೆ ಹಾನಿಯಾಗದ ಪ್ರಮಾಣವೊಂದನ್ನು ಗುರುತಿಸಲಾಗಲಿಲ್ಲ.

ಬೆಂಗಳೂರಿನ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯ ಅಧ್ಯಯನವೊಂದು, 2023ರಲ್ಲಿ ಪತ್ರಿಕೆಗಳು ವರದಿ ಮಾಡಿದಂತೆ, ಸಾವಯವ ಮಳಿಗೆಗಳೂ ಸೇರಿ ನಗರದ ಅಂಗಡಿಗಳಿಂದ ತಂದ ತರಕಾರಿಗಳಲ್ಲಿ ಮಿತಿ ಮೀರಿದ ಲೋಹಗಳನ್ನು ಕಂಡಿತು. ಆದರೆ ಅಂಗಡಿಯಲ್ಲಿನ ಪರೀಕ್ಷೆ ತಡವಾದ ಪರೀಕ್ಷೆ. ಕೃಷ್ಣರಾಜ ಮಾರುಕಟ್ಟೆಗೂ ಕಲಾಸಿಪಾಳ್ಯಕ್ಕೂ ನಸುಕಿನಲ್ಲೇ ಬಂದಿಳಿಯುವ ಕಟ್ಟುಗಳು ಒಮ್ಮೆ ರಾಶಿಯಲ್ಲಿ ಬೆರೆತ ಮೇಲೆ, ಯಾವುದು ಕೊಳವೆಬಾವಿಯ ನೀರಿನದು, ಯಾವುದು ಕೊಳಚೆಯದು ಎಂದು ಮಾರುವವರಿಗೂ ತಿಳಿಯದು. ತಪಾಸಣೆ ಕಣಿವೆಯ ಹೊಲಗಳಿಂದ, ಅದಕ್ಕೂ ಮೊದಲು ಕಾರ್ಖಾನೆಗಳ ಮೋರಿಯ ಬಾಯಿಂದ ಆರಂಭವಾಗಬೇಕು; ಬೇರೆ ನೀರನ್ನು ಒದಗಿಸದೆ ಬೆಳೆಯನ್ನಷ್ಟೇ ನಿಷೇಧಿಸಿದರೆ, ನಗರ ಹರಿಸಿದ ವಿಷದ ದಂಡವನ್ನು ಬೈರಮಂಗಲದ ರೈತರು ತೆರಬೇಕಾಗುತ್ತದೆ.