ಇನ್ನೊಂದು ಬೆನ್ನಿನ ಜೀನು: ಜೆ.ಸಿ. ನಗರದ ಲ್ಯಾನ್ಸರ್‌ಗಳಿಂದ ಯಲಹಂಕದ ಡ್ರೆಸಾಜ್ ಅಂಗಳದವರೆಗೆ

ಇಯರ್‌ಫೋನ್ ಹಾಕ್ಕೊಂಡು ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಾಕ್ಕೊಂಡಿರೋರಿಗೆ, ಯಶವಂತಪುರದಲ್ಲಿ ಮೆಟ್ರೋಗೆ ಕಾಯ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಕಥೆ ಒಂದು ವಾಟ್ಸಾಪ್ ಮೆಸೇಜಿಂದ ಶುರುವಾಗುತ್ತೆ.

ನಮ್ಮಕ್ಕನ ಮಗಳು ಯಲಹಂಕದ ಆಚೆ ಕುದುರೆ ಸವಾರಿ ಕಲೀತಾಳೆ. ಡ್ರೆಸಾಜ್ ಅವಳ ಹುಚ್ಚು. ಅಂದ್ರೆ ಕುದುರೆ ಮತ್ತು ಸವಾರ ಸೇರಿ ಒಂದು ಅಳತೆಯ ಅಂಗಳದಲ್ಲಿ ನಡಿಗೆ, ಓಟ, ತಿರುವುಗಳನ್ನ ಕರಾರುವಾಕ್ಕಾಗಿ ಮಾಡಿ ತೋರಿಸೋ ಕ್ರೀಡೆ. ಹೋದ ವರ್ಷ ಒಂದು ದಿನ ಅವಳಿಂದ ಮೆಸೇಜ್ ಬಂತು: ‘ಮಾಮ, ಸೆಕೆಂಡ್ ಹ್ಯಾಂಡ್ ಡ್ರೆಸಾಜ್ ಜೀನು ಸಿಕ್ಕಿದೆ. ಜರ್ಮನಿದು. ಹೊಸದರ ಅರ್ಧ ಬೆಲೆನೂ ಇಲ್ಲ. ನೋಡೋಕೆ ಬರ್ತೀಯಾ?’

ಹೋದೆ. ಜೀನು ನಿಜಕ್ಕೂ ಚೆನ್ನಾಗಿತ್ತು. ಕಪ್ಪು ಚರ್ಮ, ಎಣ್ಣೆ ಹಚ್ಚಿ ಮಿರಮಿರ ಅಂತಿತ್ತು. ಅವಳು ಸವಾರಿ ಮಾಡೋ ಕಂದು ಕುದುರೆ ಬೆನ್ನಿಗೆ ಅದನ್ನ ಇಟ್ಟರು. ಹೊಟ್ಟೆ ಪಟ್ಟಿ ಬಿಗಿಯೋಕೆ ಕೈ ಹಾಕಿದ ತಕ್ಷಣ ಕುದುರೆ ಕಿವಿ ಹಿಂದಕ್ಕೆ ಮಡಚಿ, ತಿರುಗಿ ಕಚ್ಚೋಕೆ ಬಂತು. ಪಕ್ಕದಲ್ಲಿದ್ದವರೊಬ್ಬರು, ‘ಅದು ಹಾಗೇ, ಹಠಮಾರಿ’ ಅಂದ್ರು.

ಚಪ್ಪಲಿ ಎಲ್ಲಿ ಕಚ್ಚುತ್ತೆ ಅನ್ನೋದು ಹಾಕ್ಕೊಂಡವರಿಗೇ ಗೊತ್ತು ಅಂತೀವಿ. ಜೀನಿನ ವಿಷಯದಲ್ಲಿ ಕೊಳ್ಳೋರು ಒಬ್ಬರು, ಹಾಕ್ಕೊಳ್ಳೋರು ಇನ್ನೊಬ್ಬರು. ಹಾಕ್ಕೊಳ್ಳೋರಿಗೆ ಬಾಯಿಲ್ಲ. ಈ ಸಮಸ್ಯೆ ಬೆಂಗಳೂರಿಗೆ ಹೊಸದೇನಲ್ಲ. ಇನ್ನೂರು ವರ್ಷ ಹಿಂದೆ ಹೋಗೋಣ ಬನ್ನಿ.

ಸಿಲ್ಲೇದಾರನ ಗಂಟು

ಮೊದಲು ಪದಗಳು. ಹಳಗನ್ನಡದಲ್ಲಿ ಜೀನಿಗೆ ‘ಪಲ್ಲಣ’ ಅಂತಿದ್ರು, ಆಮೇಲೆ ಅದು ‘ಹಲ್ಲಣ’ ಆಯ್ತು. ಈಗ ನಾವು ಬಳಸೋ ‘ಜೀನು’ ಪಾರ್ಸಿಯಿಂದ ಬಂದದ್ದು. ಲಗಾಮು, ರಿಕಾಪು, ಸವಾರ, ಎಲ್ಲವೂ ಅದೇ ದಾರೀಲಿ ಬಂದವು. ಜೀನು ಮಾಡೋರಿಂದ ‘ಜೀನಗಾರ’ ಅನ್ನೋ ಸಮುದಾಯದ ಹೆಸರೇ ಹುಟ್ಟಿದೆ. ಶೇಷಾದ್ರಿಪುರದಲ್ಲಿ ರಿಸಾಲ್ದಾರ್ ರಸ್ತೆ ಇದೆ ನೋಡಿ, ರಿಸಾಲ್ದಾರ ಅಂದ್ರೆ ಕುದುರೆ ಪಡೆಯ ಅಧಿಕಾರಿ. ಕಂಟೋನ್ಮೆಂಟಿನ ಕಾಮರಾಜ್ ರಸ್ತೆಗೆ ಮೊದಲಿದ್ದ ಹೆಸರು ಕ್ಯಾವಲ್ರಿ ರೋಡ್.

ಇನ್ನೊಂದು ಪದ ಇವತ್ತಿನ ಕಥೆಗೆ ಮುಖ್ಯ: ಸಿಲ್ಲೇದಾರ. ಹೈದರ್, ಟಿಪ್ಪು ಕಾಲದಲ್ಲೂ ಮರಾಠರ ಸೈನ್ಯದಲ್ಲೂ ಎರಡು ಬಗೆಯ ಸವಾರರಿದ್ರು. ಬೇರೆಯವರ ಕುದುರೆ ಏರಿ ಹೋರಾಡೋನು ಬಾರ್ಗೀರ. ಸ್ವಂತ ಕುದುರೆ, ಸ್ವಂತ ಜೀನು, ಸ್ವಂತ ಆಯುಧ ತಂದು ಕೆಲಸಕ್ಕೆ ಸೇರೋನು ಸಿಲ್ಲೇದಾರ. ಸಿಲ್ಲೇದಾರನಿಗೆ ಸಂಬಳ ಜಾಸ್ತಿ, ಆದ್ರೆ ಖರ್ಚೆಲ್ಲ ಅವನ ತಲೆ ಮೇಲೆ. ಇವತ್ತಿನ ಭಾಷೇಲಿ ಹೇಳೋದಾದ್ರೆ, ಸ್ವಂತ ಬೈಕ್ ತಂದು ಡೆಲಿವರಿ ಕೆಲಸಕ್ಕೆ ಸೇರಿದ ಹಾಗೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಮೈಸೂರು ಸಂಸ್ಥಾನ ಈ ಪದ್ಧತಿಯನ್ನ ಮುಂದುವರಿಸ್ತು. 1807ರ ಒಪ್ಪಂದದ ಪ್ರಕಾರ ಮೈಸೂರು 4,000 ಕುದುರೆ ಸವಾರರನ್ನ ಸದಾ ಸಿದ್ಧವಾಗಿ ಇಟ್ಟಿರಬೇಕಿತ್ತು.

ಭಾರತದ ಸಿಲ್ಲೇದಾರ ಪಡೆಗಳಲ್ಲಿ ಒಂದು ರೂಢಿ ಇತ್ತು. ಒಬ್ಬ ಸವಾರ ಕೆಲಸ ಬಿಟ್ಟಾಗ ಅವನ ಕುದುರೆ, ಸಾಮಾನು ಎಲ್ಲಕ್ಕೂ ಬೆಲೆ ಕಟ್ತಿದ್ರು. ಹೊಸದಾಗಿ ಬಂದವನು ಆ ದುಡ್ಡು ಕಟ್ಟಿ ಜಾಗ ಹಿಡೀತಿದ್ದ. ಅಂದ್ರೆ ಹಳೇ ಜೀನಿನ ಮಾರುಕಟ್ಟೆ ಅನ್ನೋದು ಪಡೆಯ ಒಳಗೇ ಇತ್ತು. ಕೈಯಲ್ಲಿ ಕಾಸಿಲ್ಲದ ಹುಡುಗ ಸಿಕ್ಕಿದ್ದನ್ನ ಕೊಳ್ತಿದ್ದ. ಆ ಜೀನು ಅವನ ಕುದುರೆಯ ಬೆನ್ನಿಗೆ ಕೂರಲಿಲ್ಲ ಅಂದ್ರೆ ಬೆನ್ನು ಹುಣ್ಣಾಗ್ತಿತ್ತು. ಬೆನ್ನು ಹುಣ್ಣಾದ ಕುದುರೆಯ ಸವಾರ ಅಂದ್ರೆ ಕಾಲಾಳು, ಅಷ್ಟೇ.

ಹೈಫಾದಿಂದ ಅಲೆಪ್ಪೊ

1892ರಲ್ಲಿ ಇದೇ ಸಿಲ್ಲೇದಾರ ಪಡೆಯನ್ನ ಮರುರಚಿಸಿ ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಕಟ್ಟಿದ್ರು. ಅದರ ನೆಲೆ ಬೆಂಗಳೂರು. ಆರ್.ಟಿ. ನಗರದಿಂದ ಕಂಟೋನ್ಮೆಂಟ್ ಕಡೆ ಹೋಗುವಾಗ ಮುನಿರೆಡ್ಡಿಪಾಳ್ಯ, ಜೆ.ಸಿ. ನಗರದ ಹತ್ತಿರ ಒಂದು ಕಲ್ಲಿನ ಸ್ಮಾರಕ ನಿಂತಿದೆ. ಬಸ್ಸು, ಆಟೋ ಎಲ್ಲ ಅದನ್ನ ಸುತ್ತಿಕೊಂಡು ಹೋಗ್ತಾವೆ. ಅದು ಮೊದಲ ಮಹಾಯುದ್ಧದಲ್ಲಿ ಸತ್ತ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕ.

1914ರಲ್ಲಿ ಈ ಪಡೆ ಈಜಿಪ್ಟಿಗೆ ಹೊರಟಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆ ಸೇರಿ ಹೈಫಾ ಪಟ್ಟಣವನ್ನ ಗೆದ್ದಿತು. ಕಾರ್ಮೆಲ್ ಬೆಟ್ಟದ ಮೇಲಿದ್ದ ತೋಪುಗಳ ಮೇಲೆ ಮೈಸೂರಿನವರು ಏರಿ ಹೋದರು. ಈ ಕಥೆ ನೀವು ಕೇಳಿರ್ತೀರಿ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಜೋಧಪುರ, ಹೈದರಾಬಾದ್, ಮೈಸೂರು ಪಡೆಗಳ ನೆನಪಿಗೇ ನಿಂತಿರೋದು.

ಆದ್ರೆ ಕಡಿಮೆ ಜನ ಹೇಳೋ ಭಾಗ ಅದರ ಮುಂದಿನದು. ಹೈಫಾ ಆದ ಮೇಲೆ ಪಡೆ ನಿಲ್ಲಲಿಲ್ಲ. ದಮಾಸ್ಕಸ್ ದಾಟಿ ಉತ್ತರಕ್ಕೆ ನಡೀತು. ಅಕ್ಟೋಬರ್ 26ಕ್ಕೆ ಅಲೆಪ್ಪೊ ಹತ್ತಿರದ ಹರಿತಾನ್‌ನಲ್ಲಿ ಮತ್ತೆ ದಾಳಿ. ಒಂದು ತಿಂಗಳು, ನೂರಾರು ಕಿಲೋಮೀಟರ್. ಸವಾರ, ಈಟಿ, ರೈಫಲ್, ಗುಂಡು, ನೀರು, ಮೇವು ಸೇರಿ ಒಂದೊಂದು ಕುದುರೆ ಮೇಲೆ ನೂರು ಕಿಲೋಗೂ ಮೀರಿದ ಭಾರ. ಮೇವು ಕಡಿಮೆಯಾದ ಹಾಗೆ ಕುದುರೆ ಸೊರಗುತ್ತೆ. ಸೊರಗಿದಾಗ ಬೆನ್ನಿನ ಆಕಾರ ಬದಲಾಗುತ್ತೆ. ಮೊದಲ ದಿನ ಸರಿಯಾಗಿ ಕೂತ ಜೀನು ಮೂವತ್ತನೇ ದಿನ ಕೂರಲ್ಲ.

ಬ್ರಿಟಿಷ್ ಸೈನ್ಯ ಈ ಪಾಠವನ್ನ ಬಹಳ ದುಬಾರಿ ಬೆಲೆ ಕೊಟ್ಟು ಕಲಿತಿತ್ತು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಅದರ ಮೂರು ಲಕ್ಷಕ್ಕೂ ಹೆಚ್ಚು ಕುದುರೆಗಳು ಸತ್ತವು. ಗುಂಡಿಗಿಂತ ಹಸಿವು, ಆಯಾಸ, ರೋಗ ಕೊಂದದ್ದೇ ಹೆಚ್ಚು. ಬೆನ್ನಿನ ಹುಣ್ಣಿಂದ ಕೆಲಸಕ್ಕೆ ಬಾರದಾದವು ಬೇರೆ. ಆಮೇಲೆ ಬಂದ 1912ರ ‘ಯೂನಿವರ್ಸಲ್ ಪ್ಯಾಟರ್ನ್’ ಜೀನಿನಲ್ಲಿ ಬೆನ್ನಿನ ಇಕ್ಕೆಲದ ಹಲಗೆಗಳು ತುಸು ಅಲುಗಿ, ಬೆನ್ನಿನ ಇಳಿಜಾರಿಗೆ ತಕ್ಕಂತೆ ಕೂರೋ ಹಾಗೆ ಮಾಡಿದ್ರು. ಕೆಳಗೆ ಒಂದು ಕಂಬಳಿ. ಕುದುರೆ ಸೊರಗಿದ ಹಾಗೆ ಕಂಬಳಿಯ ಮಡಿಕೆ ಬದಲಾಯಿಸಬೇಕು. ಪ್ರತಿ ಸಂಜೆ ಜೀನು ಇಳಿಸಿ ಬೆನ್ನ ಮೇಲೆ ಕೈಯಾಡಿಸಿ ನೋಡೋದು ಸವಾರನ ಡ್ಯೂಟಿ.

ಆ ‘ಕೈಯಾಡಿಸಿ ನೋಡೋದು’ ಅನ್ನೋದನ್ನ ನೆನಪಲ್ಲಿ ಇಟ್ಕೊಳ್ಳಿ. ಮತ್ತೆ ಬರ್ತೀನಿ.

ಒಂದು ಜೀನು ಎರಡಾದದ್ದು

ಈಗ ಯುದ್ಧಭೂಮಿಯಿಂದ ಕ್ರೀಡಾಂಗಣಕ್ಕೆ. ಒಲಿಂಪಿಕ್ಸ್‌ಗೆ ಡ್ರೆಸಾಜ್ ಬಂದದ್ದು 1912ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಅದು ಸೇನಾಧಿಕಾರಿಗಳ ಆಟ. ಎಷ್ಟರ ಮಟ್ಟಿಗೆ ಅಂದ್ರೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ ತಂಡ ಚಿನ್ನ ಗೆದ್ದಿತು, ಮರುವರ್ಷ ಅದನ್ನ ವಾಪಸ್ ಕಿತ್ಕೊಂಡ್ರು. ಯಾಕೆ? ಗೆನಾಲ್ ಪೆರ್ಸನ್ ಅನ್ನೋ ಸವಾರ ನಿಜವಾಗಿ ಸಾರ್ಜೆಂಟ್, ಆಟಕ್ಕೋಸ್ಕರ ಅಧಿಕಾರಿ ಮಾಡಿದ್ರು ಅಂತ. 1952ರಲ್ಲಿ ಹೆಲ್ಸಿಂಕಿಯಲ್ಲಿ ಬಾಗಿಲು ತೆರೀತು. ಆ ವರ್ಷವೇ ಡೆನ್ಮಾರ್ಕಿನ ಲಿಸ್ ಹಾರ್ಟೆಲ್, ಪೋಲಿಯೋದಿಂದ ಮೊಣಕಾಲ ಕೆಳಗೆ ಸ್ವಾಧೀನ ಕಳ್ಕೊಂಡಿದ್ದ ಹೆಣ್ಣುಮಗಳು, ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದರು.

ಡ್ರೆಸಾಜ್‌ಗೆ ಬೇರೆ ಜೀನು ಯಾಕೆ ಬೇಕಾಯ್ತು? ಇಟಲಿಯ ಕ್ಯಾಪ್ಟನ್ ಫೆಡೆರಿಕೊ ಕಾಪ್ರಿಲ್ಲಿ ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ, ಕುದುರೆ ಹಾರುವಾಗ ಸವಾರ ಮುಂದಕ್ಕೆ ಬಾಗಬೇಕು ಅಂತ ತೋರಿಸಿಕೊಟ್ಟ. ಅದಕ್ಕೆ ತಕ್ಕ ಹಾಗೆ ಹಾರೋ ಜೀನಿನ ರೆಕ್ಕೆ ಮುಂದಕ್ಕೆ ಚಾಚಿತು. ಡ್ರೆಸಾಜ್ ಸವಾರ ಮಾತ್ರ ನೆಟ್ಟಗೆ ಕೂತು, ಕಾಲು ಉದ್ದಕ್ಕೆ ಇಳಿಬಿಡಬೇಕು. ಅದಕ್ಕೆ ಅದರ ರೆಕ್ಕೆ ನೇರ ಮತ್ತು ಉದ್ದ, ಆಸನ ಆಳ. ಡ್ರೆಸಾಜ್‌ನಲ್ಲಿ ಸೂಚನೆ ಹೋಗೋದು ಸೊಂಟ ಮತ್ತು ತೊಡೆಯಿಂದ. ನಡುವೆ ಇರೋ ಜೀನು ಒತ್ತಿದ್ರೆ, ಕುದುರೆಗೆ ಕೇಳ್ಸೋದು ನಿಮ್ಮ ಸೂಚನೆ ಅಲ್ಲ, ನೋವು.

ಇನ್ನು ನಮ್ಮ ಕಡೆ. 1953ರಲ್ಲಿ ಸಂಸ್ಥಾನಗಳ ಕುದುರೆ ಪಡೆಗಳನ್ನ ಒಟ್ಟು ಸೇರಿಸಿದ್ರು, ಮೈಸೂರು ಲ್ಯಾನ್ಸರ್ಸ್ ಕೂಡ ಅದರಲ್ಲಿ ಒಂದಾಯ್ತು. ಅದೇ ಈಗಿನ ಜೈಪುರದ 61ನೇ ಕ್ಯಾವಲ್ರಿ. ಬೆಂಗಳೂರಲ್ಲಿ ಕುದುರೆ ಉಳಿದದ್ದು ರೇಸ್‌ಕೋರ್ಸ್‌ನಲ್ಲಿ, ಸೈನ್ಯದ ಲಾಯಗಳಲ್ಲಿ, ಆಮೇಲೆ ಸವಾರಿ ಶಾಲೆಗಳಲ್ಲಿ. ಬಳ್ಳಾರಿ ರಸ್ತೆಯ ಕಡೆ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ 1996ರಲ್ಲಿ ಶುರುವಾಯ್ತು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್ ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೀನ್ಯೂರ್ ಮೆಡಿಕಾಟ್ ಕುದುರೆಯ ಮೇಲೆ 23ನೇ ಸ್ಥಾನ ಪಡೆದ್ರು. ಈವೆಂಟಿಂಗ್‌ನ ಮೊದಲ ಹಂತವೇ ಡ್ರೆಸಾಜ್, ಅದು ಮುಗಿದಾಗ ಅವರು 9ನೇ ಸ್ಥಾನದಲ್ಲಿದ್ರು. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತದ ಡ್ರೆಸಾಜ್ ತಂಡ ಏಷ್ಯನ್ ಗೇಮ್ಸ್ ಚಿನ್ನವನ್ನೇ ತಂದಿತು. ಕುದುರೆ ಸವಾರಿಯಲ್ಲಿ ನಮಗೆ ಚಿನ್ನ ಸಿಕ್ಕಿದ್ದು 1982ರ ನಂತರ ಆಗಲೇ.

ಆ ಚಿನ್ನ ನೋಡಿ ಎಷ್ಟೋ ಮಕ್ಕಳಿಗೆ ಡ್ರೆಸಾಜ್ ಆಸೆ ಹುಟ್ಟಿದೆ. ಹೊಸ ಜೀನಿನ ಬೆಲೆ ಕೇಳಿದ್ರೆ, ಕುದುರೆ ಕಂಡರೆ ಕಾಲು ನೋವು ಅನ್ನೋ ಗಾದೆ ತಿರುಗಾಮುರುಗಾ ಆಗಿ, ಕಾಲು ನಡಿಗೆನೇ ವಾಸಿ ಅನ್ನಿಸುತ್ತೆ. ಹಾಗಾಗಿ ಸೆಕೆಂಡ್ ಹ್ಯಾಂಡ್.

ಯಾರ ಬೆನ್ನಿನ ಅಚ್ಚು?

ಇಲ್ಲೇ ತೊಡಕು. ಯೂರೋಪಿನಿಂದ ಬರೋ ಹಳೇ ಡ್ರೆಸಾಜ್ ಜೀನುಗಳು ಬಹುಪಾಲು ‘ವಾರ್ಮ್‌ಬ್ಲಡ್’ ಅನ್ನೋ ತಳಿಗೆ ಮಾಡಿದ್ದು. ಅಗಲ ಬೆನ್ನು, ದುಂಡು ಮೈ. ನಮ್ಮ ಸವಾರಿ ಶಾಲೆಗಳಲ್ಲಿ ಎಷ್ಟೋ ಕುದುರೆಗಳು ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು. ಹೆಗಲ ದಿಬ್ಬ ಎತ್ತರ, ಬೆನ್ನು ಕಿರಿದು. ಅಲ್ಲಿನ ಜೀನು ಇಲ್ಲಿ ಇಟ್ಟರೆ ಮುಂಭಾಗ ಕುಸಿದು ಹೆಗಲ ಮೂಳೆ ಮೇಲೆ ಕೂರುತ್ತೆ.

ನಮ್ಮ ಹುಡುಗಿ ನೋಡಿದ ಜೀನಿಗೆ ಆಗಿದ್ದೂ ಅದೇ. ಅಲ್ಲಿದ್ದ ಹಿರಿಯ ಕುದುರೆ ಆಳು ಒಬ್ಬರು, ‘ಮೊದ್ಲು ಆ ಪ್ಯಾಡ್ ತೆಗೀರಿ ಸಾರ್, ಬರೀ ಬೆನ್ನ ಮೇಲೆ ಇಡಿ’ ಅಂದ್ರು. ಇಟ್ಟು ನೋಡಿದ್ವಿ. ಮುಂದಿನ ಕಮಾನಿನ ಕೆಳಗೆ ಎರಡು ಮೂರು ಬೆರಳು ಆಡಬೇಕು, ಒಂದು ಬೆರಳೂ ಹೋಗಲಿಲ್ಲ. ಹೆಗಲ ದಿಬ್ಬದ ಪಕ್ಕ ಕಂದು ಕೂದಲ ನಡುವೆ ಬಿಳಿ ಕೂದಲಿನ ಎರಡು ಚುಕ್ಕೆ ಇತ್ತು. ಹುಟ್ಟಿನಿಂದ ಬಂದದ್ದಲ್ಲ. ಹಿಂದೆ ಯಾವುದೋ ಜೀನು ಬಹಳ ಕಾಲ ಒತ್ತಿ, ಕೂದಲ ಬೇರು ಕೆಟ್ಟು ಬಿಳಿಯಾದದ್ದು. ಹಠಮಾರಿ ಅನ್ನಿಸ್ಕೊಂಡ ಕುದುರೆ ತನ್ನ ದೂರನ್ನ ಮೈ ಮೇಲೆ ಬರ್ಕೊಂಡು ನಿಂತಿತ್ತು.

ನೀವು ಕೊಳ್ಳೋಕೆ ಹೋದ್ರೆ ಹೀಗೆ ಮಾಡಿ. ಜೀನನ್ನ ಸ್ವಲ್ಪ ಮುಂದಿಟ್ಟು ಹಿಂದಕ್ಕೆ ಜಾರಿಸಿ, ಅದಾಗೇ ನಿಲ್ಲೋ ಜಾಗ ಹೆಗಲ ಮೂಳೆಯ ಹಿಂದೆ ಇರಬೇಕು. ಹಿಂದಿನಿಂದ ಬಗ್ಗಿ ನೋಡಿದ್ರೆ ಬೆನ್ನೆಲುಬಿನ ಮೇಲೆ ಉದ್ದಕ್ಕೂ ಬೆಳಕು ಕಾಣಬೇಕು. ಕೆಳಗೆ ಕೈ ತೂರಿಸಿ ಎಳೀರಿ, ಒತ್ತಡ ಎಲ್ಲ ಕಡೆ ಒಂದೇ ಸಮ ಇರಬೇಕು. ಮುಂದೆ ಹಿಂದೆ ಬಿಗಿ, ನಡುವೆ ಖಾಲಿ ಇದ್ರೆ ಅದು ಸೇತುವೆ ಥರ ಕೂತಿದೆ ಅಂತ ಅರ್ಥ. ಕುದುರೆಗೆ 18 ಜೊತೆ ಪಕ್ಕೆಲುಬು, ಕೊನೆಯದನ್ನ ದಾಟಿ ಜೀನು ಹಿಂದಕ್ಕೆ ಹೋಗಬಾರದು. ಆಸನ ಸಮತಟ್ಟಾಗಿ ಇರಬೇಕು. ಆಮೇಲೆ ಸವಾರರು ಕೂತು, ಇದನ್ನೆಲ್ಲ ಇನ್ನೊಂದ್ಸಲ.

ಜೀನಿನ ಆರೋಗ್ಯ ಬೇರೆ ವಿಷಯ. ಒಳಗಿನ ಅಸ್ಥಿಪಂಜರಕ್ಕೆ ‘ಟ್ರೀ’ ಅಂತಾರೆ. ಎರಡೂ ತುದಿ ಹಿಡಿದು ಮಡಚೋ ಹಾಗೆ ಒತ್ತಿ ನೋಡಿ. ಕಿರುಗುಟ್ಟಿದ್ರೆ, ಒಂದು ಕಡೆಗೆ ತಿರುಚಿಕೊಂಡ್ರೆ, ಎಷ್ಟೇ ಅಗ್ಗವಾದ್ರೂ ಬೇಡ. ಪಟ್ಟಿಗಳ ಹೊಲಿಗೆ ಎಳೆದು ನೋಡಿ, ಅದು ಕಿತ್ತರೆ ಬೀಳೋದು ನೀವು. ಬೆಂಗಳೂರಿನ ಮಳೆಗಾಲ ಕಂಡ ಜೀನಾದ್ರೆ ಬೂಷ್ಟು ಹುಡುಕಿ. ಅಡಿಯ ಪ್ಯಾನೆಲ್‌ನಲ್ಲಿ ಉಣ್ಣೆ ತುಂಬಿದ್ರೆ ತಿಳಿದವರು ಬಿಚ್ಚಿ ಸರಿ ಮಾಡಬಹುದು, ಫೋಮ್ ಆದ್ರೆ ಕಷ್ಟ. ಬ್ರ್ಯಾಂಡ್ ಹೆಸರು ಇದೆಲ್ಲ ಆದ ಮೇಲೆ.

ನಮ್ಮ ಹುಡುಗಿ ಆ ಜರ್ಮನ್ ಜೀನು ಬಿಟ್ಟಳು. ಬೇಜಾರಾಯ್ತು, ದಾರೀಲಿ ಮಾತೇ ಆಡ್ಲಿಲ್ಲ. ನಾಲ್ಕು ತಿಂಗಳ ನಂತರ ಕಾನ್ಪುರದಲ್ಲಿ ಮಾಡಿದ್ದ ಒಂದು ಹಳೇ ಜೀನು ಸಿಕ್ತು. ಕಾನ್ಪುರ 1860ರ ದಶಕದಿಂದ ಸೈನ್ಯಕ್ಕೆ ಜೀನು ಮಾಡ್ತಾ ಬಂದ ಊರು. ಚರ್ಮ ಸ್ವಲ್ಪ ಸವೆದಿತ್ತು, ಹೊಳಪಿರಲಿಲ್ಲ. ಕಂದು ಕುದುರೆ ಬೆನ್ನ ಮೇಲೆ ಸರಿಯಾಗಿ ಕೂತಿತು. ಹೊಟ್ಟೆ ಪಟ್ಟಿ ಬಿಗಿಯುವಾಗ ಕುದುರೆ ಹಳೇ ಅಭ್ಯಾಸಕ್ಕೆ ಒಮ್ಮೆ ಕಿವಿ ಮಡಚಿತು. ಹದಿನೈದು ದಿನದಲ್ಲಿ ಅದೂ ನಿಂತಿತು ಅಂತ ಅವಳೇ ಫೋನ್ ಮಾಡಿ ಹೇಳಿದಳು. ಈಗ ಪ್ರತಿ ಸಂಜೆ ಜೀನು ಇಳಿಸಿದ ಮೇಲೆ ಬೆನ್ನ ಮೇಲೆ ಕೈಯಾಡಿಸಿ ನೋಡ್ತಾಳಂತೆ. ಹೈಫಾಗೆ ಹೋದ ನಮ್ಮೂರಿನ ಸವಾರರ ಡ್ಯೂಟಿಯೂ ಅದೇ ಆಗಿತ್ತು.

ಮುಂದಿನ ಸಲ ಜೆ.ಸಿ. ನಗರದ ಕಡೆ ಹೋದ್ರೆ ಒಂದ್ ನಿಮಿಷ ಗಾಡಿ ಪಕ್ಕಕ್ಕೆ ಹಾಕಿ, ಆ ಸ್ಮಾರಕ ನೋಡಿ ಬನ್ನಿ. ಅಲ್ಲಿ ನೆನಪಿಸ್ಕೊಳ್ಳೋದು ಸವಾರರನ್ನ. ಅವರನ್ನ ಅಲೆಪ್ಪೊವರೆಗೆ ಹೊತ್ತ ಬೆನ್ನುಗಳನ್ನ ನೀವು ನೆನಪಿಸ್ಕೊಳ್ಳಿ. ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗೋಣ.