ಬೆಂಗಳೂರಿನಲ್ಲಿ ರೂಪುಗೊಂಡ ‘ಧ್ರುವ’



ಭೀಮಾ ನದಿಗೆ ಮಹಾಪೂರ ಬಂದರೆ ರಸ್ತೆ, ಸೇತುವೆಗಳು ಮುಳುಗಿ ಹಳ್ಳಿಗಳು ನಡುಗಡ್ಡೆಗಳಾಗುತ್ತವೆಂಬುದನ್ನು ನಮ್ಮ ಜಿಲ್ಲೆಯವರಾದ ನೀವು ಬಲ್ಲಿರಿ. ದೋಣಿಯೂ ತಲುಪಲಾರದ ಕಡೆ ಹೆಲಿಕಾಪ್ಟರ್ ಒಂದೇ ದಾರಿ. ಅದಕ್ಕೆ ರನ್‌ವೇ ಬೇಡ. ಗಾಳಿಯಲ್ಲಿ ಒಂದೆಡೆ ನಿಂತು, ಹಗ್ಗ ಇಳಿಸಿ ಜನರನ್ನು ಮೇಲೆತ್ತಬಲ್ಲದು. ಇಂಥದೊಂದು ಹೆಲಿಕಾಪ್ಟರ್ ನಮ್ಮ ರಾಜ್ಯದಲ್ಲಿಯೇ ರೂಪುಗೊಂಡ ಇತಿಹಾಸವನ್ನು ತಿಳಿಯೋಣ.

1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯೇ ಇಂದಿನ ಎಚ್.ಎ.ಎಲ್. 1960ರ ದಶಕದಿಂದ ಅಲ್ಲಿ ಚೇತಕ್, ಆನಂತರ ಚೀತಾ ಹೆಲಿಕಾಪ್ಟರ್‌ಗಳು ತಯಾರಾದವು. ಆದರೆ ಅವುಗಳ ವಿನ್ಯಾಸ ಫ್ರಾನ್ಸಿನದು. ನಮ್ಮದೇ ವಿನ್ಯಾಸ ಬೇಕೆಂದು 1984ರಲ್ಲಿ ಹೊಸ ಯೋಜನೆ ಆರಂಭವಾಯಿತು. ಜರ್ಮನಿಯ ಎಂ.ಬಿ.ಬಿ. ಕಂಪನಿ ಸಹಕರಿಸಿತು. 1992ರ ಆಗಸ್ಟ್‌ನಲ್ಲಿ ಮೊದಲ ಮಾದರಿ ಬೆಂಗಳೂರಿನಲ್ಲಿ ಹಾರಿತು.

ಆದರೆ ಹಾರಿದ್ದೆಲ್ಲ ಕೂಡಲೇ ಸೇನೆಗೆ ಸೇರುವುದಿಲ್ಲ. ಹಣದ ಅಭಾವ, ಸೇನೆಯ ಬದಲಾಗುವ ಬೇಡಿಕೆಗಳಿಂದ ಕೆಲಸ ನಿಧಾನವಾಯಿತು. 1998ರ ಪೋಖ್ರಾನ್ ಅಣುಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿದ್ದರಿಂದ, ಅಳವಡಿಸಬೇಕೆಂದಿದ್ದ ಎಂಜಿನ್ ಸಿಗದೇ ಹೋಯಿತು. ಫ್ರಾನ್ಸಿನ ಟರ್ಬೊಮೆಕಾ ಕಂಪನಿಯ ಬೇರೆ ಎಂಜಿನ್ ಆರಿಸಬೇಕಾಯಿತು. ಯೋಜನೆ ಆರಂಭವಾಗಿ ಸುಮಾರು 18 ವರ್ಷಗಳ ನಂತರ, 2002ರಲ್ಲಿ ‘ಧ್ರುವ’ ಸೇನಾ ಸೇವೆಗೆ ಬಂದಿತು. ಮುಂದೆ ಅದೇ ಫ್ರೆಂಚ್ ಕಂಪನಿಯೊಡನೆ ಎಚ್.ಎ.ಎಲ್. ಅಭಿವೃದ್ಧಿಪಡಿಸಿದ ‘ಶಕ್ತಿ’ ಎಂಜಿನ್, ಗಾಳಿ ತೆಳುವಾಗಿರುವ ಹಿಮಪರ್ವತಗಳಲ್ಲಿ ಅದಕ್ಕೆ ಹೆಚ್ಚಿನ ಬಲ ಕೊಟ್ಟಿತು.

2013ರ ಉತ್ತರಾಖಂಡ ಪ್ರಳಯದಲ್ಲಿ ಧ್ರುವ ಹೆಲಿಕಾಪ್ಟರ್‌ಗಳು ರಕ್ಷಣಾ ಕಾರ್ಯದಲ್ಲಿ ದುಡಿದವು. 2021ರಿಂದ ಕರಾವಳಿ ರಕ್ಷಣಾ ಪಡೆಗೆ, ಸಮುದ್ರದಲ್ಲಿ ಹುಡುಕಲು ರೇಡಾರ್ ಅಳವಡಿಸಿದ ಹೊಸ ಮಾದರಿ ಸೇರಿತು.

ಈ ಇತಿಹಾಸಕ್ಕೆ ನೋವಿನ ಪುಟವೂ ಇದೆ. 2009ರಲ್ಲಿ ಧ್ರುವ ಪಡೆದ ಈಕ್ವೆಡಾರ್ ದೇಶ, ಏಳರಲ್ಲಿ ನಾಲ್ಕು ಅಪಘಾತಕ್ಕೀಡಾದ ಮೇಲೆ 2015ರಲ್ಲಿ ಒಪ್ಪಂದ ರದ್ದುಪಡಿಸಿತು. 2024ರ ಸೆಪ್ಟೆಂಬರ್‌ನಲ್ಲಿ, ಹಡಗಿನಲ್ಲಿ ಗಾಯಗೊಂಡಿದ್ದವನನ್ನು ಕರೆತರಲು ರಾತ್ರಿ ಹೊರಟಿದ್ದ ಧ್ರುವ ಪೋರಬಂದರ್ ಬಳಿ ಸಮುದ್ರಕ್ಕೆ ಬಿದ್ದಿತು. ಪ್ರಾಣ ಉಳಿಸಲು ಹೋದವರೇ ಪ್ರಾಣ ತೆತ್ತರು. 2025ರ ಜನವರಿ 5ರಂದು ಅದೇ ಊರಿನಲ್ಲಿ ಮತ್ತೊಂದು ಬಿದ್ದು ಮೂವರು ಮಡಿದರು. ಆಗ ದೇಶದ ಧ್ರುವ ಹೆಲಿಕಾಪ್ಟರ್‌ಗಳೆಲ್ಲ ತಿಂಗಳುಗಟ್ಟಲೆ ನೆಲದಲ್ಲೇ ನಿಂತು ತಪಾಸಣೆಗೊಳಗಾದವು.

ವಿದ್ಯಾರ್ಥಿಗಳೇ, ಗಮನಿಸಿ: ಪರರ ಎಂಜಿನ್ನನ್ನೇ ನಂಬಿದರೆ ಅದು ಬೇಕಾದಾಗ ಕೈಗೆ ಸಿಗದಿರಬಹುದು. ನಾವೇ ತಯಾರಿಸಿದರೆ ಅದರ ಒಂದೊಂದು ಬೋಲ್ಟಿಗೂ ನಾವೇ ಹೊಣೆ. ನಿಮ್ಮಲ್ಲಿ ಯಾರಾದರೂ ನಾಳೆ ಇಂಜಿನಿಯರ್ ಆಗಿ ಆ ಹೊಣೆ ಹೊರುವಿರಾದರೆ, ಇಂದಿನ ಗಣಿತ ಮತ್ತು ಭೌತಶಾಸ್ತ್ರದ ತರಗತಿಯಿಂದಲೇ ಅದರ ಸಿದ್ಧತೆ ಆರಂಭವಾಗಲಿ.