ಶೆಟ್ಲೆಂಡಿನ ಹೆಣಿಗೆ: ಬರೆದಿಟ್ಟ ಮಾತು, ಉಳಿದ ಮಾತು

ಕನ್ನಡದಲ್ಲಿ ನೇಯ್ಗೆ ಬೇರೆ, ಹೆಣಿಗೆ ಬೇರೆ. ನೇಯ್ಗೆಗೆ ಮಗ್ಗ ಬೇಕು, ಹಾಸು ಹೊಕ್ಕುಗಳೆಂಬ ಎರಡು ಬಗೆಯ ಎಳೆಗಳು ಬೇಕು. ಉಣ್ಣೆಯ ಹೆಣಿಗೆಗೆ ಒಂದು ಎಳೆ, ಎರಡು ಕಡ್ಡಿ ಸಾಕು. ಒಂದು ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆಯನ್ನು ಸೆಳೆಯುತ್ತ ಹೋದಂತೆ ಟೋಪಿ, ಕಾಲುಚೀಲ, ಕೈಗವಸು, ಸ್ವೆಟರ್ ಮೈತಳೆಯುತ್ತವೆ. ಮಗ್ಗಕ್ಕೆ ಮನೆಯಲ್ಲಿ ಒಂದು ಅಂಕಣವನ್ನೇ ಬಿಟ್ಟುಕೊಡಬೇಕು. ಹೆಣಿಗೆಯ ಕಡ್ಡಿಗಾದರೋ ಸೊಂಟದ ಬದಿಯಷ್ಟು ಜಾಗ ಸಾಕು. ಈ ಸರಳತೆಯಿಂದಲೇ ಹೆಣಿಗೆಯು ಲೋಕದ ಕಣ್ಣಿಗೆ ಕಸುಬಾಗಿ ತೋರದೆ ಹೆಂಗಸರ ಬಿಡುವಿನ ಕೆಲಸವೆನಿಸಿತು. ಆದರೆ ಆ ಎಳೆಯಿಂದಲೇ ಬದುಕಿದ ನಾಡುಗಳುಂಟು. ಅಂಥ ಒಂದು ನಾಡಿನ ಚರಿತ್ರೆಯನ್ನು ಗಡಿನಾಡಿನ ಕನ್ನಡಿಗರಾದ ನಾವು ತಿಳಿಯುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಹೆಣಿಗೆಯ ಅತಿ ಹಳೆಯ ಮಾದರಿಗಳಲ್ಲಿ ಕೆಲವು ದೊರೆತಿರುವುದು ಚಳಿನಾಡಿನಲ್ಲಲ್ಲ, ಈಜಿಪ್ಟಿನಲ್ಲಿ. ಅವು ನೀಲಿ ಬಿಳಿ ಹತ್ತಿನೂಲಿನ ಕಾಲುಚೀಲಗಳು. ಅಲ್ಲಿಂದ ಮುಂದೆ ಈ ಕಲೆ ಯುರೋಪಿನಲ್ಲಿ ಬೇರೂರಿತು. ಇಂಗ್ಲೆಂಡಿನಲ್ಲಿ ಟೋಪಿ ಹೆಣೆಯುವವರ ಜೀವನೋಪಾಯವನ್ನು ಕಾಯಲು 1571ರಲ್ಲಿ ಒಂದು ವಿಚಿತ್ರ ಶಾಸನವೇ ಹೊರಟಿತು: ಶ್ರೀಮಂತವರ್ಗದವರನ್ನು ಬಿಟ್ಟು ಉಳಿದವರು ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಸ್ವದೇಶದಲ್ಲಿ ತಯಾರಾದ ಉಣ್ಣೆಯ ಟೋಪಿಯನ್ನೇ ಧರಿಸಬೇಕು, ತಪ್ಪಿದರೆ ದಂಡ. ಈ ಶಾಸನವು 1597ರವರೆಗೆ ಇತ್ತು. ಅಷ್ಟರಲ್ಲಿಯೇ, 1589ರಲ್ಲಿ, ವಿಲಿಯಂ ಲೀ ಎಂಬವನು ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದ್ದನು. ಬಡವರ ಅನ್ನಕ್ಕೆ ಕುತ್ತು ಬಂದೀತೆಂದು ಎಲಿಜಬೆತ್ ರಾಣಿ ಅದಕ್ಕೆ ಹಕ್ಕುಪತ್ರ ನೀಡಲಿಲ್ಲವೆಂದು ಪ್ರತೀತಿ. ಕಾಲಕ್ರಮದಲ್ಲಿ ಯಂತ್ರ ಬೆಳೆಯಿತು. ಆದರೂ ಕೈಹೆಣಿಗೆ ಅಳಿಯದೆ ನಿಂತ ಪ್ರದೇಶಗಳಲ್ಲಿ ಮುಖ್ಯವಾದುದು ಶೆಟ್ಲೆಂಡ್.

ಸ್ಕಾಟ್ಲೆಂಡಿನ ಉತ್ತರಕ್ಕೆ ಸಮುದ್ರದ ನಡುವೆ ಹರಡಿರುವ ದ್ವೀಪಗಳ ಗುಂಪಿದು. ಭೂಮಧ್ಯರೇಖೆಯಿಂದ ಅರವತ್ತು ಡಿಗ್ರಿ ಉತ್ತರದಲ್ಲಿರುವುದರಿಂದ ಕ್ರಿಸ್‌ಮಸ್ ವೇಳೆಗೆ ಅಲ್ಲಿ ಹಗಲು ಆರು ಗಂಟೆಗಿಂತಲೂ ಕಡಿಮೆ. ಗಾಳಿಯ ಹೊಡೆತಕ್ಕೆ ಮರಗಳು ಬೆಳೆಯುವುದೇ ದುರ್ಲಭ. ಅಲ್ಲಿಯ ಕುರಿ ಗಾತ್ರದಲ್ಲಿ ಚಿಕ್ಕದು, ಅದರ ಉಣ್ಣೆ ಮಾತ್ರ ಬಹು ಮೃದು. ಬಿಳಿ, ಕಪ್ಪು, ಬೂದು, ಕಂದು ಎಂದು ಹುಟ್ಟುಬಣ್ಣಗಳೇ ಹಲವು. ಬೇಸಿಗೆಯ ಆರಂಭದಲ್ಲಿ ಹಳೆಯ ಉಣ್ಣೆ ತಾನಾಗಿ ಸಡಿಲಾಗುವುದರಿಂದ ಹಿಂದೆ ಅದನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದಲೇ ಬಿಡಿಸಿಕೊಳ್ಳುತ್ತಿದ್ದರು.

ಗಂಡಸರು ಮೀನುಗಾರಿಕೆಗೋ ತಿಮಿಂಗಿಲದ ಬೇಟೆಗೋ ಕಡಲಿಗೆ ಹೋದರೆ ಹೊಲ, ದನ, ಮನೆ, ಮಕ್ಕಳೆಲ್ಲ ಹೆಂಗಸರ ಪಾಲು. ಒಲೆಗೆ ಬೇಕಾದ, ಮಣ್ಣಿನಿಂದ ಅಗೆದು ಒಣಗಿಸಿದ ಪೀಟ್ ಎಂಬ ಉರುವಲನ್ನು ಬುಟ್ಟಿಯಲ್ಲಿ ತುಂಬಿ ಬೆನ್ನಿಗೆ ಹೊತ್ತು ಮೈಲುಗಟ್ಟಲೆ ನಡೆಯುವಾಗಲೂ ಅವರ ಕೈಗಳಲ್ಲಿ ಹೆಣಿಗೆ ಸಾಗುತ್ತಿತ್ತು. ಸೊಂಟಕ್ಕೆ ಕಟ್ಟಿದ ತೊಗಲಿನ ಪಟ್ಟಿಯ ರಂಧ್ರದಲ್ಲಿ ಒಂದು ಕಡ್ಡಿಯ ತುದಿಯನ್ನು ಊರಿ, ನೋಡದೆಯೇ ಹೆಣೆಯುತ್ತಿದ್ದರು. ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ನೆರೆಹೊರೆಯ ಹೆಂಗಸರು ಒಂದು ಮನೆಯಲ್ಲಿ ಸೇರಿ ಉಣ್ಣೆ ಹಿಂಜುತ್ತಿದ್ದರು. ಕೆಲಸ ಮುಗಿದ ಮೇಲೆ ಊಟ, ಪಿಟೀಲು, ಕುಣಿತ. ನಮ್ಮಲ್ಲಿ ಮುಯ್ಯಾಳಿನ ಕೆಲಸವಿದ್ದಂತೆ ಅಲ್ಲಿಯೂ ಇಂದು ನಿಮ್ಮ ಮನೆ, ನಾಳೆ ನಮ್ಮ ಮನೆ.

ಬೇಸಿಗೆಯಲ್ಲಿ ಮೀನು ಹಿಡಿಯಲು ಬರುತ್ತಿದ್ದ ಡಚ್ಚರು ಶತಮಾನಗಳ ಹಿಂದೆಯೇ ಇವರ ಕಾಲುಚೀಲಗಳನ್ನು ಕೊಳ್ಳುತ್ತಿದ್ದರು. ಶೆಟ್ಲೆಂಡಿನಲ್ಲಿ ಹುಟ್ಟಿದ ಆರ್ಥರ್ ಆಂಡರ್‌ಸನ್ 1837ರಲ್ಲಿ ತನ್ನ ನಾಡಿನ ನಯವಾದ ಕಾಲುಚೀಲಗಳನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಒಪ್ಪಿಸಿದನು. ಮುಂದೆ ಮುಂಬಯಿಗೂ ಇಂಗ್ಲೆಂಡಿಗೂ ನಡುವೆ ಟಪಾಲು ಹಡಗುಗಳನ್ನು ನಡೆಸಿದ ಪಿ. ಅಂಡ್ ಓ. ಕಂಪನಿಯ ಸ್ಥಾಪಕರಲ್ಲಿ ಈತನೂ ಒಬ್ಬನು. ಅರಮನೆಯ ಮೆಚ್ಚುಗೆಯಿಂದ ಶೆಟ್ಲೆಂಡಿನ ಹೆಣಿಗೆಗೆ ಬೇಡಿಕೆ ಹೆಚ್ಚಿತು. ಅನ್ಸ್ಟ್ ದ್ವೀಪದ ಹೆಂಗಸರು ಹೆಣೆಯುತ್ತಿದ್ದ ಜಾಲರಿಯ ಶಾಲು ಎಷ್ಟು ತೆಳುವೆಂದರೆ, ಇಡೀ ಶಾಲನ್ನು ಮದುವೆಯ ಉಂಗುರದೊಳಗೆ ತೂರಿಸಿ ಎಳೆಯಬಹುದಿತ್ತು.

ಇಷ್ಟು ಕೀರ್ತಿ ಬಂದರೂ ಹೆಣೆದವರ ಕೈಗೆ ಕಾಸು ಬರಲಿಲ್ಲ. ಹೆಂಗಸರು ಶಾಲನ್ನು ಲೆರ್ವಿಕ್ ಪಟ್ಟಣದ ಅಂಗಡಿಗೆ ಒಯ್ದರೆ ವ್ಯಾಪಾರಿಯು ಬೆಲೆಗೆ ಬದಲಾಗಿ ಚಹಾಪುಡಿ, ಬಟ್ಟೆಯಂಥ ಸಾಮಾನು ಕೊಡುತ್ತಿದ್ದನು, ಇಲ್ಲವೇ ತನ್ನ ಅಂಗಡಿಯಲ್ಲಿ ಮಾತ್ರ ನಡೆಯುವ ಚೀಟಿ ಬರೆದುಕೊಡುತ್ತಿದ್ದನು. ಬೆಲೆ ಕಟ್ಟುವವನೂ ಅವನೇ, ಲೆಕ್ಕ ಇಡುವವನೂ ಅವನೇ. ಮನೆಗೆ ಬೇಕಾದ ಹಿಟ್ಟು, ಆಲೂಗಡ್ಡೆಗಾಗಿ ಅವರು ಆ ಚಹಾಪುಡಿಯನ್ನು ಮತ್ತೊಬ್ಬರಿಗೆ ಕೊಟ್ಟು ಬದಲಾಯಿಸಿಕೊಳ್ಳಬೇಕಾಗುತ್ತಿತ್ತು. ಮುಂದಿನ ಶಾಲಿಗೆ ನೂಲು ಕೇಳಿದರೆ, ನೂಲಿಗೆ ನಗದೇ ಬೇಕೆಂಬ ಉತ್ತರ.

1872ರ ಜನವರಿಯ ಚಳಿಯಲ್ಲಿ ಸರಕಾರವು ನೇಮಿಸಿದ ವಿಲಿಯಂ ಗತ್ರಿ ಎಂಬ ಆಯುಕ್ತನು ಈ ಪದ್ಧತಿಯ ವಿಚಾರಣೆಗೆ ಶೆಟ್ಲೆಂಡಿಗೆ ಬಂದನು. ಹೆಣೆಯುವ ಹೆಂಗಸರನ್ನು ಒಬ್ಬೊಬ್ಬರಾಗಿ ಕೂರಿಸಿ, ಏನು ಹೆಣೆದೆ, ಎಷ್ಟು ದಿನ ಹಿಡಿಯಿತು, ಅಂಗಡಿಯವನು ಏನು ಕೊಟ್ಟ, ಹಣ ಕೇಳಿದೆಯಾ ಎಂದು ಪ್ರಮಾಣಪೂರ್ವಕವಾಗಿ ವಿಚಾರಿಸಿದನು. ಪ್ರಶ್ನೆಗೆ ಅಂಕೆ ಹಾಕಿ, ಉತ್ತರಗಳನ್ನು ಬರೆಸಿ, ಅಚ್ಚು ಹಾಕಿಸಲಾಯಿತು. ಹೆಸರಿಲ್ಲದೆ ಹೋಗಬಹುದಾಗಿದ್ದ ಬಡ ಹೆಂಗಸರ ಮಾತು ಹೀಗೆ ಸರಕಾರದ ದಾಖಲೆಯನ್ನು ಸೇರಿತು. ಮನೆಯಲ್ಲಿ ಕುಳಿತು ಉಣ್ಣೆಯ ವಸ್ತು ಹೆಣೆದು ಮಾರುವವರಿಗೂ ನಗದು ಕೊಡಬೇಕೆಂದು 1887ರ ಶಾಸನವು ವಿಧಿಸಿತು. ಶಾಸನ ಬಂದೊಡನೆ ಹಳೆಯ ರೂಢಿ ಹೋಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ದ್ವೀಪಗಳಿಗೆ ಬಂದಿಳಿದ ಸೈನಿಕರು ಸ್ವೆಟರು, ಕೈಗವಸುಗಳನ್ನು ನಗದು ಕೊಟ್ಟೇ ಕೊಳ್ಳತೊಡಗಿದಾಗ ಹೆಂಗಸರ ಕೈ ಮೇಲಾಯಿತು.

ಗಡಿನಾಡಿನವರು ಗಮನಿಸಬೇಕಾದ ಇನ್ನೊಂದು ಸಂಗತಿ ಭಾಷೆಯದು. ಶೆಟ್ಲೆಂಡ್ ಮೊದಲು ನಾರ್ವೆಯ ದೊರೆತನಕ್ಕೆ ಸೇರಿತ್ತು. 1469ರಲ್ಲಿ ಡೆನ್ಮಾರ್ಕ್ ಮತ್ತು ನಾರ್ವೆಗಳ ಅರಸನು ಮಗಳ ವರದಕ್ಷಿಣೆಯ ಹಣಕ್ಕೆ ಈಡಾಗಿ ಆ ದ್ವೀಪಗಳನ್ನು ಸ್ಕಾಟ್ಲೆಂಡಿನ ಅರಸನಿಗೆ ಒತ್ತೆಯಿಟ್ಟನು, ಒತ್ತೆ ಬಿಡಿಸಿಕೊಳ್ಳಲಾಗಲಿಲ್ಲ. ಕಚೇರಿ, ಚರ್ಚು, ವ್ಯಾಪಾರಗಳ ಭಾಷೆ ಬದಲಾಯಿತು. ಜನರಾಡುತ್ತಿದ್ದ ನಾರ್ನ್ ಭಾಷೆ ಮೆಲ್ಲಮೆಲ್ಲನೆ ಕುಗ್ಗಿ, ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಇಲ್ಲವಾಯಿತು. ಆದರೆ ಉಣ್ಣೆ ಬಿಡಿಸುವುದಕ್ಕೆ ಹೇಳುವ 'ರೂ', ಬೆನ್ನ ಬುಟ್ಟಿಗೆ ಹೇಳುವ 'ಕಿಶಿ' ಮುಂತಾದ ಮಾತುಗಳು ಆ ಹಳೆಯ ಭಾಷೆಯ ಬಳುವಳಿಯಾಗಿ ದುಡಿಯುವವರ ಬಾಯಲ್ಲಿ ಉಳಿದುಕೊಂಡವು. ಫಾರೋ ದ್ವೀಪದ ವಿದ್ವಾಂಸ ಯಾಕೊಬ್ ಯಾಕೊಬ್ಸನ್ 1893ರಲ್ಲಿ ಬಂದು, ಊರೂರು ತಿರುಗಿ, ಇಂಥ ಸುಮಾರು 10,000 ಪದಗಳನ್ನು ಕೂಡಿಸಿದನು. ಸತ್ತಿತೆಂದ ಭಾಷೆಯ ಅಷ್ಟು ಸಂಪತ್ತು ಕುರಿ, ಉಣ್ಣೆ, ದೋಣಿ, ಒಲೆಗಳ ಸುತ್ತ ಅಡಗಿತ್ತು.

ಇದನ್ನೋದುವಾಗ ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ಕಂಬಳಿ, ಕೌದಿಗಳು ಕಣ್ಮುಂದೆ ಬಾರದಿರವು. ಕಂಬಳಿ ನೇಯ್ದವರನ್ನು ಲೋಕ ಬಲ್ಲದು. ಅದಕ್ಕೆ ಉಣ್ಣೆ ಹಿಂಜಿ ನೂಲು ತೆಗೆದ ಹೆಂಗಸರನ್ನು ಯಾರೂ ಕೇಳುವುದಿಲ್ಲ. ಹಳೆಯ ಸೀರೆ ಧೋತರಗಳ ತುಂಡುಗಳನ್ನು ಜೋಡಿಸಿ, ಮನೆಮಂದಿಯನ್ನೆಲ್ಲ ಚಳಿಯಿಂದ ಕಾಯುವ ಕೌದಿ ಹೊಲಿದವರ ಕೆಲಸವನ್ನು ನಾವು ಕೆಲಸವೆಂದೇ ಎಣಿಸುವುದಿಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಉದ್ಯೋಗಕ್ಕೆ ಒಂದು ಅಂಕಣವಿರುತ್ತಿತ್ತು. ತಾಯಿಯ ದುಡಿಮೆಗೆ ಸ್ಥಳವೇ ಇರುತ್ತಿರಲಿಲ್ಲ. ಗಡಿಯಾಚೆಯ ಕನ್ನಡದ ಬಗ್ಗೆ ಮಾತನಾಡುವಾಗ ನಾವು ಶಾಲೆ, ಕಚೇರಿ, ನಾಮಫಲಕಗಳನ್ನು ನೆನೆಯುತ್ತೇವೆ. ಅದು ಬೇಕಾದದ್ದೇ. ಆದರೆ ಕದಿರು, ಹಂಜಿ, ಲಾಳಿ, ಕುಂಚಿಗೆ, ಕುಲಾವಿ ಎಂಬ ಕನ್ನಡವು ನಮ್ಮ ಹಿರಿಯ ತಾಯಂದಿರ ಕೈಯಲ್ಲಿಯೂ ಬಾಯಲ್ಲಿಯೂ ಇದೆ, ಮೊಮ್ಮಕ್ಕಳ ಪುಸ್ತಕದಲ್ಲಿಲ್ಲ.

ಗತ್ರಿಯಾಗಲಿ ಯಾಕೊಬ್ಸನ್ನನಾಗಲಿ ಮಾಡಿದ್ದು ದೊಡ್ಡ ಪವಾಡವೇನಲ್ಲ. ಒಬ್ಬನು ಕೂಲಿಯ ಲೆಕ್ಕ ಕೇಳಿದನು, ಇನ್ನೊಬ್ಬನು ಮಾತಿನ ಅರ್ಥ ಕೇಳಿದನು. ಇಬ್ಬರೂ ಕೇಳಿದ್ದನ್ನು ಬರೆದಿಟ್ಟರು. ಈ ಚಳಿಗಾಲದ ರಜೆಗೆ ಮಕ್ಕಳು ಊರಿಗೆ ಬಂದಾಗ ಒಂದು ನೋಟುಪುಸ್ತಕ ಹಿಡಿದು ಅಜ್ಜಿಯ ಬಳಿ ಕೂರಲಿ. ಈ ಕೌದಿಯನ್ನು ಯಾರು ಹೊಲಿದರು, ಯಾರ ಸೀರೆಯ ತುಂಡಿದು, ಈ ಹೊಲಿಗೆಗೆ ಏನೆನ್ನುತ್ತಾರೆ, ಹೊಲಿದವಳಿಗೆ ಏನು ಕೊಟ್ಟರು ಎಂದು ಕೇಳಿ ಬರೆದುಕೊಳ್ಳಲಿ. ಸಂಘದ ಮುಂದಿನ ಸ್ಮರಣ ಸಂಚಿಕೆಯಲ್ಲಿ ಅಂಥ ನಾಲ್ಕು ಪುಟಗಳು ಅಚ್ಚಾದರೆ ನಮ್ಮ ಸೀಮೆಯ ಚರಿತ್ರೆಯಲ್ಲಿ ಇದುವರೆಗೆ ಖಾಲಿ ಉಳಿದಿರುವ ಅಂಕಣವೊಂದು ತುಂಬೀತು.